ತೊಲೇದೊಗೆ ಹಿರಿಯರನ್ನು ಕರೆದೊಯ್ಯುವುದಾದರೆ

ಮ್ಯಾಡ್ರಿಡ್‌ನಲ್ಲಿ ನೆಲೆಸಿ ಒಂಬತ್ತು ವರ್ಷವಾಯಿತು. ಊರಿನಿಂದ ಯಾರೇ ಬರಲಿ, ಅರಮನೆ, ಮ್ಯೂಸಿಯಂ ನೋಡಿ ಮುಗಿದ ಮೇಲೆ ಕೇಳುವುದು ಒಂದೇ: ಹತ್ತಿರದಲ್ಲಿ ಹಳೇ ಊರು ಅಂತ ಯಾವುದಿದೆ? ನಾನು ಕರೆದುಕೊಂಡು ಹೋಗುವುದು ತೊಲೇದೊಗೆ. ನಮ್ಮ ಪತ್ರಿಕೆಗಳಲ್ಲಿ ಟೊಲೆಡೊ ಎಂದು ಬರೆಯುತ್ತಾರೆ, ಅಲ್ಲಿಯವರ ಬಾಯಲ್ಲಿ ಅದು ತೊಲೇದೊ. ಮ್ಯಾಡ್ರಿಡ್‌ನಿಂದ ದಕ್ಷಿಣಕ್ಕೆ ಸುಮಾರು 70 ಕಿಲೋಮೀಟರ್. ಬಂಡೆಗುಡ್ಡದ ಮೇಲೆ ಊರು, ಮೂರು ಕಡೆ ತಾಖೊ ನದಿ. 1561ರಲ್ಲಿ ಎರಡನೆಯ ಫಿಲಿಪ್ ದೊರೆ ತನ್ನ ಆಸ್ಥಾನವನ್ನು ಮ್ಯಾಡ್ರಿಡ್‌ಗೆ ಎತ್ತಿಕೊಂಡು ಹೋದ. ಅಂದಿನಿಂದ ಈ ಊರಲ್ಲಿ ಹಳೆಯದನ್ನು ಕೆಡವಿ ಹೊಸದು ಕಟ್ಟುವಷ್ಟು ಹಣ ಉಳಿಯಲಿಲ್ಲ. ಇವತ್ತು ನಾವು ನೋಡುವುದು ಹಾಗೆ ಉಳಿದ ಊರನ್ನು. 1986ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಏಳು ಸಲ ಹೋಗಿದ್ದೇನೆ. ಮೊದಲ ಸಲ ಅತ್ತೆ ಮಾವನ ಜೊತೆ, ಮ್ಯಾಡ್ರಿಡ್‌ನಿಂದ ಹೊರಡುವ ಒಂದು ಬಸ್ ಪ್ಯಾಕೇಜಿನಲ್ಲಿ ಹೋದದ್ದು. ಐವತ್ತು ಜನರ ಗುಂಪು, ಮುಂದೆ ಕೊಡೆ ಎತ್ತಿ ಹಿಡಿದ ಗೈಡ್. ಕತ್ತಿ, ಒಡವೆ ಮಾರುವ ಅಂಗಡಿಯೊಂದರಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿದರು. ಕೆಥೆಡ್ರಲ್‌ಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ, ಹೊರಗಿನಿಂದಷ್ಟೇ. ಯಹೂದಿಗಳ ಪ್ರಾರ್ಥನಾಮಂದಿರ, ಅಂದರೆ ಸಿನಗಾಗ್ ಇರುವ ಬೀದಿಗೆ ಕಾಲಿಡಲೇ ಇಲ್ಲ. ಮಾವ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವರು. ವಾಪಸು ಬರುವಾಗ ಬಸ್ಸಿನಲ್ಲಿ ಅವರು ಒಂದು ಮಾತೂ ಆಡಲಿಲ್ಲ. ಅಷ್ಟು ದೂರದಿಂದ ಬಂದವರಿಗೆ ಆ ದಿನವನ್ನು ನಾನು ಮತ್ತೆ ತಂದುಕೊಡಲಾರೆ ಅನ್ನುವ ಸಂಕಟ ಇವತ್ತಿಗೂ ಇದೆ.

ಆಮೇಲಿನ ಆರು ಭೇಟಿಗಳಲ್ಲಿ, ಮುಖ್ಯವಾಗಿ ಅಮ್ಮನ ಜೊತೆ ಹೋದಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದೇ ಮಾತಿನಲ್ಲಿ ಹೇಳುವುದಾದರೆ: ಇಡೀ ಊರು ತೋರಿಸಲು ಗೈಡ್ ಬೇಡ. ಮೂರು ಗಂಟೆ, ನಾಲ್ಕು ಕಟ್ಟಡ, ಅಷ್ಟಕ್ಕೆ ಒಬ್ಬ ಒಳ್ಳೆಯ ಗೈಡನ್ನು ಹಿಡಿಯಿರಿ. ಉಳಿದದ್ದನ್ನು ನೀವೇ ನಿಧಾನಕ್ಕೆ ನಡೆದು ನೋಡಿ.

ಯಾವ ದಿನ, ಹೇಗೆ

ಮಂಗಳವಾರದಿಂದ ಗುರುವಾರದೊಳಗೆ ಹೋಗಿ. ಸೋಮವಾರ ಎಲ್ ತ್ರಾನ್ಸಿತೊ ಸಿನಗಾಗ್ ಮುಚ್ಚಿರುತ್ತದೆ, ಅದನ್ನು ಬಿಟ್ಟರೆ ಅರ್ಧ ತೊಲೇದೊ ಬಿಟ್ಟಂತೆ. ಭಾನುವಾರ ಬೆಳಿಗ್ಗೆ ಕೆಥೆಡ್ರಲ್ ಪ್ರಾರ್ಥನೆಗೆ ಮೀಸಲು, ಪ್ರವಾಸಿಗರಿಗೆ ಬಾಗಿಲು ತೆರೆಯುವುದು ಮಧ್ಯಾಹ್ನದ ಮೇಲೆ. ಶನಿವಾರ ಇಡೀ ಮ್ಯಾಡ್ರಿಡ್ ಅಲ್ಲಿಗೆ ಬಂದಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಬಿಸಿಲು 40 ಡಿಗ್ರಿ ಮುಟ್ಟುವುದುಂಟು, ಕಲ್ಲುಹಾಸಿನ ಬೀದಿ ಕೆಂಡದಂತೆ ಕಾಯುತ್ತದೆ. ಏಪ್ರಿಲ್, ಮೇ, ಅಕ್ಟೋಬರ್ ಹಿತ.

ಮ್ಯಾಡ್ರಿಡ್‌ನ ಅತೋಚಾ ನಿಲ್ದಾಣದಿಂದ ವೇಗದ ರೈಲಿದೆ, ಸುಮಾರು ಅರ್ಧ ಗಂಟೆಯ ಹಾದಿ. ಸೀಟು ಮೊದಲೇ ಕಾದಿರಿಸಬೇಕು. ಹೋಗುವ ಟಿಕೆಟ್ಟಿನ ಜೊತೆಗೇ ಬರುವ ಟಿಕೆಟ್ಟನ್ನೂ ತೆಗೆದುಕೊಳ್ಳಿ, ವಾರದ ಕೊನೆಯಲ್ಲಿ ಸಂಜೆಯ ರೈಲುಗಳು ತುಂಬಿಬಿಡುತ್ತವೆ. ಇಳಿದ ಕೂಡಲೇ ಟ್ಯಾಕ್ಸಿ ಸಾಲಿಗೆ ಓಡಬೇಡಿ. ತೊಲೇದೊ ನಿಲ್ದಾಣದ ಒಳಗೆ ಐದು ನಿಮಿಷ ನಿಲ್ಲಿ. ಈ ಕಟ್ಟಡ 1919ರದ್ದು, ಆದರೆ ಕಟ್ಟಿದ್ದು ಮುದೇಖರ್ ಮಾದರಿಯಲ್ಲಿ. ಕ್ರೈಸ್ತ ರಾಜರ ಆಳ್ವಿಕೆಯಲ್ಲಿ ಉಳಿದುಕೊಂಡ ಮುಸ್ಲಿಮರನ್ನು ಮುದೇಖರ್ ಎಂದು ಕರೆಯುತ್ತಿದ್ದರು. ಅವರ ಕೈಯಲ್ಲಿ ಬೆಳೆದ ಇಟ್ಟಿಗೆ, ಗಾರೆ, ಮರದ ಸೂರಿನ ಕೆಲಸಕ್ಕೂ ಅದೇ ಹೆಸರು ನಿಂತಿತು. ಒಂದರೊಳಗೊಂದು ಹೆಣೆದ ಇಟ್ಟಿಗೆ ಕಮಾನು, ಬಣ್ಣದ ಹೆಂಚಿನ ಬಿಲ್ಲೆ, ಟಿಕೆಟ್ ಕೌಂಟರಿನ ಮರದ ಕೆತ್ತನೆ ಎಲ್ಲವೂ ಆ ದಿನ ನೀವು ಮುಂದೆ ನೋಡಲಿರುವುದಕ್ಕೆ ಪೀಠಿಕೆ.

ಮಂಡಿನೋವಿನವರು ಜೊತೆಗಿದ್ದರೆ ಹತ್ತುವ ಕೆಲಸವನ್ನೆಲ್ಲ ಬೆಳಿಗ್ಗೆಯೇ ಮುಗಿಸುವ ಹಾಗೆ ದಾರಿ ಹಾಕಿಕೊಳ್ಳಿ. ಬಿಸಾಗ್ರ ಎಂಬ ಕೋಟೆ ಬಾಗಿಲಿನಿಂದ ಮೇಲಕ್ಕೆ ನಿಧಾನಕ್ಕೆ ಹತ್ತಿ, ಅಲ್ಲಲ್ಲಿ ಕೂತು, ಪುಟ್ಟ ಮಸೀದಿ ನೋಡಿ, ಸೊಕೊದೊವೆರ್ ಚೌಕ ದಾಟಿ ಕೆಥೆಡ್ರಲ್ ತಲುಪಿದರೆ ಅಲ್ಲಿಂದ ಮುಂದೆ ಪಶ್ಚಿಮಕ್ಕೆ ಹೆಚ್ಚುಕಡಿಮೆ ಇಳಿಜಾರೇ. ಅಷ್ಟೂ ಹತ್ತಲಾಗದವರಿಗೆ ಬಿಸಾಗ್ರದ ಹತ್ತಿರ ಗುಡ್ಡದ ಮೈಯೊಳಗೇ ಎಸ್ಕಲೇಟರ್ ಇದೆ. ಬೀದಿಗಳಿಗೆ ಹಾಸಿರುವುದು ಉರುಟು ಕಲ್ಲು. ಅಮ್ಮ ಸೀರೆಯ ಕೆಳಗೆ ನನ್ನ ಸ್ಪೋರ್ಟ್ಸ್ ಷೂ ಹಾಕಿಕೊಂಡೇ ನಡೆದರು. ಚಪ್ಪಲಿಯಲ್ಲಿ ಹೋಗಬೇಡಿ.

ಗೈಡ್ ಆರಿಸುವಾಗ

ಸ್ಪೇನಿನಲ್ಲಿ ಗೈಡ್ ಪರವಾನಗಿ ಕೊಡುವುದು ಆಯಾ ಪ್ರಾಂತ್ಯದ ಸರ್ಕಾರ. ತೊಲೇದೊ ಇರುವುದು ಕಾಸ್ತೀಯಾ-ಲಾ ಮಾಂಚಾ ಪ್ರಾಂತ್ಯದಲ್ಲಿ. ಅಲ್ಲಿಯ ಪರವಾನಗಿ ಇದ್ದವರನ್ನು 'ಗೀಯಾ ಒಫಿಸಿಯಾಲ್' ಎನ್ನುತ್ತಾರೆ, ಪರವಾನಗಿ ಚೀಟಿ ಅವರ ಬಳಿ ಇರುತ್ತದೆ. ಊರಿನ ಪ್ರವಾಸಿ ಕಚೇರಿಯಲ್ಲಿ ವಿಚಾರಿಸಿದರೆ ಹೇಳುತ್ತಾರೆ. ಒಂದು ಕಚೇರಿ ಕೆಥೆಡ್ರಲ್ ಎದುರು, ಪುರಸಭೆಯ ಚೌಕದಲ್ಲೇ ಇದೆ.

ಮೂರು ಬಗೆಯ ಭೇಟಿಗಳಿವೆ. ಒಂದು, ಕೊನೆಯಲ್ಲಿ ನಿಮಗೆ ತೋಚಿದಷ್ಟು ಕೊಡುವ 'ಫ್ರೀ ಟೂರ್'. ಇದರಲ್ಲಿ ಸಾಮಾನ್ಯವಾಗಿ ಬೀದಿಯಲ್ಲೇ ನಿಂತು ಕಥೆ ಹೇಳುತ್ತಾರೆ, ಕಟ್ಟಡಗಳ ಒಳಗೆ ಹೋಗುವುದಿಲ್ಲ. ನಡೆಯಲು ಗಟ್ಟಿಯಿರುವ ಹುಡುಗರಿಗೆ ಸರಿ. ಎರಡು, ತಲೆಗಿಷ್ಟು ಎಂದು ದುಡ್ಡು ಕಟ್ಟಿ ಸೇರುವ ಗುಂಪು. ಮೂರು, ನಿಮ್ಮ ಮನೆಯವರಿಗೆ ಮಾತ್ರ ಒಬ್ಬ ಗೈಡ್. ಇದರ ಶುಲ್ಕ ಗುಂಪಿಗೆ ಇಷ್ಟು ಎಂದಿರುತ್ತದೆ, ಆದ್ದರಿಂದ ನಾಲ್ಕೈದು ಜನರಾದರೆ ಅಷ್ಟೇನೂ ಹೊರೆಯಲ್ಲ. ಹಿರಿಯರಿದ್ದರೆ ಮೂರನೆಯದನ್ನೇ ಹಿಡಿಯಿರಿ. ಬೇಕಾದರೆ ಬೇರೆ ಖರ್ಚು ಕಡಿಮೆ ಮಾಡಿಕೊಳ್ಳಿ.

ಒಪ್ಪಿಕೊಳ್ಳುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ಯಾವ ಯಾವ ಕಟ್ಟಡದ ಒಳಗೆ ಬರುತ್ತೀರಿ? ಟಿಕೆಟ್ ಹಣ ಇದರಲ್ಲಿ ಸೇರಿದೆಯೇ? ಅಂಗಡಿಗೆ ಕರೆದೊಯ್ಯುತ್ತೀರಾ? ನಡುವೆ ಕೂರಲು ಎಲ್ಲಿ ಜಾಗವಿದೆ? ಕೊನೆಯ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡುವವರು ಹಿರಿಯರನ್ನು ನಡೆಸಿದ ಅನುಭವವಿದ್ದವರು. ಅಮ್ಮನ ಜೊತೆ ಹೋದಾಗ ಸಿಕ್ಕಿದ ಗೈಡ್ ಅದೇ ಊರಿನ ಹೆಂಗಸು. ನಾನು ಕೇಳಿದ್ದೇ ತಡ, ಮಸೀದಿಯ ತೋಟದ ಕಟ್ಟೆ, ಕೆಥೆಡ್ರಲ್‌ನ ಬೆಂಚು, ತ್ರಾನ್ಸಿತೊದ ಗೋಡೆಬದಿ ಎಂದು ಬೆರಳು ಮಡಚಿ ಎಣಿಸಿದರು.

ಟಿಕೆಟ್ ಬಗ್ಗೆ: 'ಪುಲ್ಸೇರಾ ತುರಿಸ್ತಿಕಾ' ಎಂಬ ಮುಂಗೈ ಪಟ್ಟಿ ಸಿಗುತ್ತದೆ. ಅದೊಂದಿದ್ದರೆ ಏಳು ಕಡೆ ಪ್ರವೇಶ. ಕ್ರಿಸ್ತೊ ದೆ ಲಾ ಲೂಸ್ ಮಸೀದಿ, ಸಾಂತೊ ತೊಮೆ, ಸಾಂತಾ ಮರಿಯಾ ಲಾ ಬ್ಲಾಂಕಾ, ಸಾನ್ ಹುವಾನ್ ದೆ ಲೊಸ್ ರೇಯೆಸ್ ನಾಲ್ಕೂ ಅದರಲ್ಲಿ ಬರುತ್ತವೆ. ಕೆಥೆಡ್ರಲ್ ಮತ್ತು ತ್ರಾನ್ಸಿತೊಗೆ ಬೇರೆ ಟಿಕೆಟ್.

ಮಾತು ದಾಟಿಸುವುದು

ಅಮ್ಮನಿಗೆ ಇಂಗ್ಲಿಷ್ ಬಾರದು. ಗೈಡ್ ಸ್ಪ್ಯಾನಿಷ್‌ನಲ್ಲಿ ಹೇಳುವುದು, ನಾನು ಕನ್ನಡದಲ್ಲಿ ಅಮ್ಮನಿಗೆ ಹೇಳುವುದು ಎಂದು ಮೊದಲೇ ಮಾತಾಯಿತು. ನಿಮ್ಮದೂ ಇದೇ ಸ್ಥಿತಿಯಾದರೆ ಗೈಡಿಗೆ ಮೊದಲ ಐದು ನಿಮಿಷದಲ್ಲೇ ತಿಳಿಸಿ: ಎರಡು ವಾಕ್ಯಕ್ಕೊಮ್ಮೆ ನಿಲ್ಲಿಸಿ, ಇಸವಿ ಕಡಿಮೆ ಹೇಳಿ, ಏನನ್ನು ನೋಡಬೇಕೋ ಅದನ್ನು ಕೈಮಾಡಿ ತೋರಿಸಿ, ಆಮೇಲೆ ಕಥೆ ಹೇಳಿ. ಮತ್ತೊಂದು ಮಾತು, ಹಿರಿಯರ ಪ್ರಶ್ನೆಯನ್ನು ನೀವೇ ಉತ್ತರಿಸಿ ಮುಗಿಸಬೇಡಿ. ಅದು ಎಷ್ಟು ಸಣ್ಣದೆನಿಸಿದರೂ ಗೈಡಿಗೆ ದಾಟಿಸಿ. ಅಮ್ಮ ಕೇಳಿದ ಪ್ರಶ್ನೆಗಳಿಂದಲೇ ನನಗೆ ಆರು ಭೇಟಿಗಳಲ್ಲಿ ಕಾಣದ್ದು ಕಂಡಿತು.

ನಮ್ಮ ಗೈಡ್ ಇದನ್ನು ಕೇಳಿ ನಕ್ಕು, ಈ ಊರು ಹೆಸರಾದದ್ದೇ ಹೀಗೆ ಎಂದರು. 1085ರಲ್ಲಿ ಕ್ರೈಸ್ತ ದೊರೆ ಆರನೆಯ ಅಲ್ಫೊನ್ಸೊ ತೊಲೇದೊವನ್ನು ಮುಸ್ಲಿಮರಿಂದ ಗೆದ್ದಾಗ ಇಲ್ಲಿ ಅರಬ್ಬಿ ಪುಸ್ತಕಗಳ ದೊಡ್ಡ ರಾಶಿಯೇ ಉಳಿದಿತ್ತು. ಮುಂದಿನ ಶತಮಾನದಲ್ಲಿ ಯುರೋಪಿನ ನಾನಾ ಕಡೆಯ ವಿದ್ವಾಂಸರು ಅವನ್ನು ಹುಡುಕಿ ಬಂದರು. ಇಟಲಿಯ ಕ್ರೆಮೊನಾದಿಂದ ಬಂದ ಜೆರಾರ್ಡ್, ಟಾಲೆಮಿಯ ಖಗೋಳ ಗ್ರಂಥವನ್ನು 1175ರಲ್ಲಿ ಅರಬ್ಬಿಯಿಂದ ಲ್ಯಾಟಿನ್‌ಗೆ ತಂದದ್ದು ಇಲ್ಲೇ. ಎಷ್ಟೋ ಸಲ ಅನುವಾದ ಇಬ್ಬರ ಕೆಲಸ. ಅರಬ್ಬಿ ಬಲ್ಲ ಯಹೂದಿಯೊಬ್ಬ ಓದಿ, ಬೀದಿಯ ಆಡುಮಾತಿನಲ್ಲಿ ಜೋರಾಗಿ ಹೇಳುವುದು. ಪಕ್ಕದಲ್ಲಿ ಕೂತ ಪಾದ್ರಿ ಅದನ್ನು ಕೇಳಿ ಲ್ಯಾಟಿನ್‌ನಲ್ಲಿ ಬರೆದುಕೊಳ್ಳುವುದು. ಕೈಯಿಂದ ಕೈಗೆ ನೀರಿನ ಕೊಡ ದಾಟಿಸಿದ ಹಾಗೆ.

ಅದಕ್ಕೂ ಮೊದಲೇ, 1068ರಲ್ಲಿ, ಸಾಇದ್ ಅಲ್-ಅಂದಲುಸಿ ಎಂಬ ತೊಲೇದೊದ ಖಾಜಿ ಜಗತ್ತಿನಲ್ಲಿ ಶಾಸ್ತ್ರಗಳನ್ನು ಬೆಳೆಸಿದ ಜನಾಂಗಗಳ ಬಗ್ಗೆ ಒಂದು ಗ್ರಂಥ ಬರೆದ. ಅದರಲ್ಲಿ ಮೊದಲ ಸ್ಥಾನ ಭಾರತದವರಿಗೆ. ನಮ್ಮ ಲೆಕ್ಕ, ನಮ್ಮ ಚದುರಂಗ ಎರಡರ ಮಾತೂ ಅಲ್ಲಿದೆ. ಹಾಗೆಯೇ ಪಂಚತಂತ್ರ. ಚಾಲುಕ್ಯರ ಆಸ್ಥಾನದಲ್ಲಿ ದುರ್ಗಸಿಂಹ ಅದನ್ನು ಸುಮಾರು 1031ರಲ್ಲಿ ಕನ್ನಡಕ್ಕೆ ತಂದ. ಇನ್ನೊಂದು ದಾರಿಯಲ್ಲಿ ಪರ್ಷಿಯಾ, ಅರೇಬಿಯಾ ಸುತ್ತಿಕೊಂಡು ಅದೇ ಕಥೆಗಳು ಇಲ್ಲಿಗೂ ಬಂದವು. ತೊಲೇದೊದಲ್ಲೇ ಹುಟ್ಟಿದ ಹತ್ತನೆಯ ಅಲ್ಫೊನ್ಸೊ ರಾಜಕುಮಾರನಾಗಿದ್ದಾಗ, 1251ರಲ್ಲಿ, ಅವನಿಗಾಗಿ ಅರಬ್ಬಿಯಿಂದ ಕ್ಯಾಸ್ಟಿಲಿಯನ್ ಭಾಷೆಗೆ ಇಳಿದವು. ಅಮ್ಮನಿಗೆ ಇದನ್ನು ಹೇಳಿದಾಗ, ಅಷ್ಟು ದೂರ ಯಾರು ಹೊತ್ತುಕೊಂಡು ಬಂದರೇ ಎಂದು ಕೇಳಿದರು. ನಿಮ್ಮ ಮನೆಯವರಿಗೂ ಇದನ್ನು ಬೆಳಿಗ್ಗೆಯೇ ಹೇಳಿ. ಪರದೇಶದ ಊರು ಎಂಬ ಸಂಕೋಚ ಬೇಗ ಕಳೆಯುತ್ತದೆ.

ಮೊದಲು ಪುಟ್ಟ ಮಸೀದಿ

ಹೆಚ್ಚಿನ ಗೈಡುಗಳು ಕೆಥೆಡ್ರಲ್‌ನಿಂದ ಶುರುಮಾಡುತ್ತಾರೆ. ನೀವು ಕ್ರಿಸ್ತೊ ದೆ ಲಾ ಲೂಸ್‌ನಿಂದ ಶುರುಮಾಡಿ ಎಂದು ಕೇಳಿಕೊಳ್ಳಿ. ಇಡೀ ಊರಿನಲ್ಲಿ ನನಗೆ ಅತಿ ಪ್ರೀತಿಯ ಜಾಗ ಇದು. ಒಂದೊಂದು ಬದಿ ಸುಮಾರು ಎಂಟು ಮೀಟರಿನ ಸಣ್ಣ ಕಟ್ಟಡ, ಆದರೆ ಅರ್ಧ ಗಂಟೆ ಕಡಿಮೆ ಬೀಳುತ್ತದೆ.

ಹೊರಗಿನಿಂದ ಆರಂಭಿಸಿ. ಬೀದಿಗೆ ಮುಖ ಮಾಡಿದ ಗೋಡೆಯ ಮೇಲ್ಭಾಗದಲ್ಲಿ ಇಟ್ಟಿಗೆಯಲ್ಲೇ ಅರಬ್ಬಿ ಅಕ್ಷರ ಮೂಡಿಸಿದ್ದಾರೆ. ಮೊದಲ ನೋಟಕ್ಕೆ ಬರೀ ಅಲಂಕಾರದಂತೆ ಕಾಣುತ್ತದೆ. ಗೈಡಿಗೆ ಓದಿಸಲು ಹೇಳಿ. ಕಟ್ಟಿಸಿದವನು ಅಹ್ಮದ್ ಇಬ್ನ್ ಹದೀದಿ, ಕಟ್ಟಿದವನು ಮೂಸಾ ಇಬ್ನ್ ಅಲಿ, ವರ್ಷ ಹಿಜರಿ 390, ಅಂದರೆ ನಮ್ಮ ಲೆಕ್ಕದಲ್ಲಿ 999. ಶಿಲ್ಪಿ ತನ್ನ ಹೆಸರನ್ನು ಗೋಡೆಯ ಮೇಲೇ ಬರೆದಿಟ್ಟು ಹೋಗಿದ್ದಾನೆ.

ಒಳಗೆ ಕಾಲಿಟ್ಟು ಅಮ್ಮ ಮೇಲೆ ನೋಡಿದರು. ಒಂದು ನಿಮಿಷ ಸುಮ್ಮನಿದ್ದು, "ಇದು ನವರಂಗ ಕಣೆ" ಎಂದರು. ನಡುವೆ ನಾಲ್ಕು ಕಂಬ, ಸುತ್ತ ಒಂಬತ್ತು ಅಂಕಣ. ನಮ್ಮ ದೇವಸ್ಥಾನಗಳ ನವರಂಗದಲ್ಲಿ ಒಂದೊಂದು ಅಂಕಣದ ಮೇಲೂ ಒಂದೊಂದು ಬಗೆಯ ಛತ್ತು ಇರುವಂತೆ ಇಲ್ಲೂ ಒಂಬತ್ತು ಪುಟ್ಟ ಗುಮ್ಮಟಗಳು, ಒಂದರ ಪಟ್ಟಿಗಳು ಹೆಣೆದ ಹಾಗೆ ಇನ್ನೊಂದರದ್ದು ಇಲ್ಲ. ಒಂದಕ್ಕೊಂದು ಸಂಬಂಧವೇನಿಲ್ಲ, ಇದು ಕೊರ್ದೊಬಾದ ದೊಡ್ಡ ಮಸೀದಿಯಿಂದ ಕಲಿತ ವಿದ್ಯೆ. ಆದರೆ ಅಂಕಣ ಅಂಕಣವಾಗಿ ನೋಡುವ ಅಭ್ಯಾಸ ನಮ್ಮ ಕಣ್ಣಿಗೆ ಮೊದಲೇ ಇದೆಯಲ್ಲ, ಅದನ್ನು ಬಳಸಿಕೊಳ್ಳಿ. ತಲೆಯೆತ್ತಿ ಎಡದಿಂದ ಬಲಕ್ಕೆ ಒಂಬತ್ತನ್ನೂ ಎಣಿಸಿ ನೋಡಿ.

ಅಮ್ಮನ ಮುಂದಿನ ಪ್ರಶ್ನೆ, "ಈ ಕಂಬದ ಬೋದಿಗೆಗಳು ಒಂದಕ್ಕೊಂದು ಜೋಡಿಯಲ್ಲ, ಬೇರೆ ಕಡೆಯಿಂದ ತಂದದ್ದಾ?" ನಾನು ಅದನ್ನು ದಾಟಿಸಿದಾಗ ಗೈಡ್ ಅಮ್ಮನ ಕಡೆ ತಿರುಗಿ ನಿಂತರು. ಹೌದು, ಅವು ವಿಸಿಗೋಥರ ಕಾಲದವು. ಮುಸ್ಲಿಮರು ಬರುವ ಮುನ್ನ, 711ರವರೆಗೆ, ಇದು ವಿಸಿಗೋಥ್ ರಾಜರ ರಾಜಧಾನಿ. ಅವರ ಕಟ್ಟಡದ ಕಲ್ಲನ್ನು ಮಸೀದಿಯ ಕಂಬಕ್ಕೆ ಬಳಸಿದ್ದಾರೆ. ಸುಮಾರು ಇನ್ನೂರು ವರ್ಷ ಕಳೆದು ಮಸೀದಿ ಚರ್ಚಾಗಿ ಒಂದು ಬದಿಗೆ ಅರ್ಧವೃತ್ತದ ಗರ್ಭಗುಡಿ ಸೇರಿತು. ಅದನ್ನೂ ಇಟ್ಟಿಗೆಯಲ್ಲಿ, ಮಸೀದಿಯದೇ ಕಮಾನಿನ ಮಾದರಿಯಲ್ಲಿ ಕಟ್ಟಿದ್ದಾರೆ. ಹೊಲಿಗೆ ಎಲ್ಲಿದೆ ಎಂದು ಹುಡುಕಿ. ತೋಟದ ಪಕ್ಕದಲ್ಲಿ ಅಗೆದಾಗ ರೋಮನ್ ರಸ್ತೆಯ ಕಲ್ಲುಹಾಸು ಸಿಕ್ಕಿದೆ, ಅದೂ ಕಾಣುತ್ತದೆ. ರೋಮನ್ನರ ರಸ್ತೆ, ವಿಸಿಗೋಥರ ಬೋದಿಗೆ, ಅರಬ್ಬರ ಗುಮ್ಮಟ, ಕ್ರೈಸ್ತರ ಗರ್ಭಗುಡಿ, ಎಲ್ಲವೂ ನಿಂತಲ್ಲೇ ತಿರುಗಿ ನೋಡಿದರೆ ಸಿಗುತ್ತವೆ. ಇದಕ್ಕೇ ಗೈಡ್ ಬೇಕು ಎನ್ನುವುದು. ಗೈಡ್ ಇಲ್ಲದೆ ಮೊದಲ ಸಲ ನಾನು ಇಲ್ಲಿ ಏಳು ನಿಮಿಷ ನಿಂತು ಹೊರಟಿದ್ದೆ.

ಬಾಗಿಲ ಮುಂದಿನ ಕಲ್ಲುಹಾಸಿನಲ್ಲಿ ಒಂದು ಬಿಳಿ ಕಲ್ಲಿದೆ. ಅಲ್ಫೊನ್ಸೊ ಊರಿಗೆ ಬರುವಾಗ ಅವನ ಕುದುರೆ ಅಲ್ಲಿ ಮಂಡಿಯೂರಿತು, ಗೋಡೆ ಒಡೆದು ನೋಡಿದರೆ ಒಳಗೆ ಶಿಲುಬೆಯ ಮುಂದೆ ದೀಪ ಇನ್ನೂ ಉರಿಯುತ್ತಿತ್ತು ಎಂದು ಐತಿಹ್ಯ. 'ಬೆಳಕಿನ ಕ್ರಿಸ್ತ' ಎಂಬ ಹೆಸರಿಗೆ ಅದೇ ಮೂಲ.

ಇಲ್ಲಿಂದ ಮೇಲೆ ಸೊಕೊದೊವೆರ್. ಅರಬ್ಬರ ಕಾಲದ ದನಕರುಗಳ ಸಂತೆ, ಹೆಸರಿನ ಅರ್ಥವೂ ಅದೇ. ಕಾಫಿ ಕುಡಿದು ಮುಂದೆ ನಡೆಯಿರಿ.

ಕೆಥೆಡ್ರಲ್‌ನಲ್ಲಿ ಎಲ್ಲವನ್ನೂ ನೋಡಲು ಹೋಗಬೇಡಿ

1226ರಲ್ಲಿ ಶುರುವಾಗಿ 1493ರಲ್ಲಿ ಮುಗಿದ ಕಟ್ಟಡ. ಎಲ್ಲ ನೋಡುತ್ತೇನೆಂದು ಹೊರಟರೆ ಹಿರಿಯರು ಅರ್ಧದಲ್ಲೇ ಸೋಲುತ್ತಾರೆ. ಮೂರೇ ಮೂರು ಸಾಕೆಂದು ಗೈಡಿಗೆ ಹೇಳಿ.

ಒಂದು, ನಡುವಿನ ಗಾಯಕರ ಆವರಣ. ಅಲ್ಲಿಯ ಕೆಳಸಾಲಿನ ಮರದ ಪೀಠಗಳ ಬೆನ್ನಿನಲ್ಲಿ 54 ಕೆತ್ತನೆಗಳಿವೆ, ಸ್ಪೇನಿನ ಕೊನೆಯ ಮುಸ್ಲಿಂ ರಾಜ್ಯವಾದ ಗ್ರಾನಡಾದ ಒಂದೊಂದು ಕೋಟೆ ಸೋತ ದೃಶ್ಯ ಒಂದೊಂದರಲ್ಲಿ. ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ ಕೆತ್ತಲು ಶುರುಮಾಡಿದವು. ನಮ್ಮ ವೀರಗಲ್ಲು ನೋಡಿದವರಿಗೆ ಇವನ್ನು ಓದುವುದು ಕಷ್ಟವಲ್ಲ.

ಎರಡು, ಗರ್ಭಗುಡಿಯ ಹಿಂದಿನ 'ತ್ರಾನ್ಸ್‌ಪರೆಂತೆ'. ಕತ್ತಲಲ್ಲಿದ್ದ ಜಾಗಕ್ಕೆ ಬೆಳಕು ತರಲು ನಾರ್ಸಿಸೊ ತೊಮೆ ಎಂಬ ಶಿಲ್ಪಿ 1732ರ ಹೊತ್ತಿಗೆ ಛಾವಣಿಯನ್ನೇ ಕೊರೆದು ಕಿಂಡಿ ತೆಗೆದ. ಅಲ್ಲಿಂದ ಬೆಳಕು ಅಮೃತಶಿಲೆಯ ದೇವತೆಗಳ ಮೇಲೆ ಬೀಳುತ್ತದೆ. ಅಲ್ಲಿ ಗೈಡಿನ ಮಾತು ಬೇಡ, ಐದು ನಿಮಿಷ ಸುಮ್ಮನೆ ಕೂತಿರಿ.

ಮೂರನೆಯದನ್ನು ಕೇಳದೆ ಯಾರೂ ತೋರಿಸುವುದಿಲ್ಲ. ಮುಖ್ಯ ಗರ್ಭಗುಡಿಯ ಕಂಬದಲ್ಲಿ ಮುಸ್ಲಿಂ ಪಂಡಿತನೊಬ್ಬನ ಶಿಲ್ಪವಿದೆ. 'ಅಲ್ಫಾಕಿ' ಎಲ್ಲಿ ಎಂದು ಕೇಳಿ. ಕೆಥೆಡ್ರಲ್ ಇರುವ ಜಾಗದಲ್ಲಿ ಊರಿನ ದೊಡ್ಡ ಮಸೀದಿ ಇತ್ತು. ಅದು ನಿಮ್ಮದಾಗಿಯೇ ಇರಲಿ ಎಂದು ಅಲ್ಫೊನ್ಸೊ ಮಾತು ಕೊಟ್ಟಿದ್ದ. ಅವನು ಊರಲ್ಲಿಲ್ಲದಾಗ ರಾಣಿ ಮತ್ತು ಆರ್ಚ್‌ಬಿಷಪ್ ಸೇರಿ ಅದನ್ನು ಕಿತ್ತುಕೊಂಡರು. ಸಿಟ್ಟಿನಿಂದ ಮರಳಿದ ರಾಜನ ದಾರಿಗೆ ಅಡ್ಡ ಬಂದು, ಇವರನ್ನು ಶಿಕ್ಷಿಸಬೇಡ ಎಂದು ಬೇಡಿಕೊಂಡವನು ಅಬು ವಲೀದ್ ಎಂಬ ಪಂಡಿತ ಎಂದು ಪರಂಪರೆಯ ಕಥೆ. ಅವನ ನೆನಪಿಗೆ ಆ ಶಿಲ್ಪ. ಕಥೆ ಎಷ್ಟು ನಿಜವೋ, ಕಲ್ಲಿನ ಅಬು ವಲೀದ್ ಮಾತ್ರ ಬಲಿಪೀಠದ ಪಕ್ಕದಲ್ಲೇ ಇಷ್ಟು ಶತಮಾನ ನಿಂತಿದ್ದಾನೆ.

ಊಟ

ಇಲ್ಲಿ ಊಟದ ಹೊತ್ತು ಮಧ್ಯಾಹ್ನ ಎರಡು. ಊರಿನ ಹೆಸರಾಂತ ಅಡುಗೆ 'ಕಾರ್ಕಾಮುಸಾಸ್' ಹಂದಿಮಾಂಸದ್ದು. ಸಸ್ಯಾಹಾರಿಗಳು 'ಪಿಸ್ತೊ ಮಾಂಚೆಗೊ' ಕೇಳಿ. ಟೊಮ್ಯಾಟೊ, ದೊಣ್ಣೆಮೆಣಸು, ಸೋರೆಯ ಜಾತಿಯ ಕಾಯಿ ಹಾಕಿ ಎಣ್ಣೆಯಲ್ಲಿ ಬೇಯಿಸಿದ ಪಲ್ಯ ಅದು. ಮೇಲೆ ಮೊಟ್ಟೆ ಹಾಕಿ ಕೊಡುವುದು ವಾಡಿಕೆ, ಬೇಡದಿದ್ದರೆ 'ಸಿನ್ ವೇವೊ' ಎನ್ನಿ. ಬೆಳ್ಳುಳ್ಳಿ ಸಾರು ಎಂದು ಬರೆದಿರುವುದರಲ್ಲಿ ಹಂದಿಮಾಂಸದ ಚೂರು ಇರುತ್ತದೆ, ನಂಬಿ ತರಿಸಬೇಡಿ. ಅಮ್ಮ ಹೊರಗೆ ಸುಲಭಕ್ಕೆ ತಿನ್ನುವವರಲ್ಲ. ಚಪಾತಿ, ಮಾವಿನ ಮಿಡಿ ಉಪ್ಪಿನಕಾಯಿ ಕಟ್ಟಿಕೊಂಡಿದ್ದೆ, ಪಿಸ್ತೊ ಜೊತೆ ಅದು ಚೆನ್ನಾಗಿಯೇ ಹೊಂದಿತು.

ಒಂದು ಚಿತ್ರ, ಎರಡು ಸಿನಗಾಗ್

ಸಾಂತೊ ತೊಮೆ ಚರ್ಚಿನಲ್ಲಿ ನೋಡಲಿರುವುದು ಒಂದೇ ಚಿತ್ರ. ಕ್ರೀಟ್ ದ್ವೀಪದಲ್ಲಿ ಹುಟ್ಟಿ 1577ರಲ್ಲಿ ಇಲ್ಲಿಗೆ ಬಂದು, 1614ರಲ್ಲಿ ಇಲ್ಲೇ ತೀರಿಕೊಂಡ ಎಲ್ ಗ್ರೆಕೊ ಬರೆದದ್ದು. ಒರ್ಗಾಸ್ ಊರಿನ ಒಡೆಯನ ಅಂತ್ಯಸಂಸ್ಕಾರದ ದೃಶ್ಯ. ಸ್ವರ್ಗದಿಂದ ಇಬ್ಬರು ಸಂತರು ಇಳಿದು ಬಂದು ಅವನ ದೇಹವನ್ನು ಸಮಾಧಿಗೆ ಇಳಿಸುತ್ತಿದ್ದಾರೆ. ಜನ ನೂಕುನುಗ್ಗಲಾಗಿ ನಿಂತು ಫೋಟೋ ತೆಗೆದು ಹೋಗುತ್ತಾರೆ. ನೀವು ಒಳಗೆ ಹೋಗುವ ಮುನ್ನ, ಬೀದಿಯಲ್ಲಿ ನಿಂತೇ ಗೈಡಿನಿಂದ ಇದರ ಹಿಂದಿನ ವ್ಯಾಜ್ಯ ಕೇಳಿ.

ಆ ಒಡೆಯ 1323ರಲ್ಲಿ ಸತ್ತ. ತನ್ನ ಊರಿನ ಜನ ಈ ಚರ್ಚಿಗೆ ಪ್ರತಿವರ್ಷ ಎರಡು ಕುರಿ, ಹದಿನಾರು ಕೋಳಿ, ಎರಡು ಚರ್ಮದ ಚೀಲ ದ್ರಾಕ್ಷಾರಸ, ಎರಡು ಹೊರೆ ಸೌದೆ, 800 ನಾಣ್ಯ ಕೊಡತಕ್ಕದ್ದು ಎಂದು ಬರೆದಿಟ್ಟಿದ್ದ. ಇನ್ನೂರು ವರ್ಷ ಕಳೆದ ಮೇಲೆ ಊರವರು ಕೊಡುವುದನ್ನು ನಿಲ್ಲಿಸಿದರು. ಚರ್ಚಿನ ಪಾದ್ರಿ ಕೋರ್ಟಿಗೆ ಹೋಗಿ ಗೆದ್ದು, ಎಲ್ಲರೂ ಆ ಒಡೆಯನನ್ನು ಮರೆಯದಿರಲಿ ಎಂದು 1586ರಲ್ಲಿ ಈ ಚಿತ್ರ ಬರೆಸಲು ಒಪ್ಪಂದ ಮಾಡಿಸಿದ. ಈ ವಾರ್ಷಿಕ ಕೊಡುಗೆಗೆ ಕನ್ನಡದಲ್ಲಿ ಏನೆನ್ನಬೇಕೆಂದು ನಾನು ತಡವರಿಸುತ್ತಿದ್ದಾಗ ಅಮ್ಮನೇ ಹೇಳಿದರು: "ತಸ್ತೀಕು ಅನ್ನು. ನಮ್ಮ ದೇವಸ್ಥಾನಕ್ಕೆ ಬರುತ್ತಲ್ಲ ಹಾಗೆ." ಆ ಒಂದು ಶಬ್ದದಿಂದ ಇಡೀ ಚಿತ್ರ ಅವರದಾಯಿತು. ಒಳಗೆ ಹೋಗಿ ಎಡಮೂಲೆಯ ಹುಡುಗನನ್ನು ನೋಡಿ. ಅವನು ಚಿತ್ರಕಾರನ ಮಗ, ಜೇಬಿನ ಕರವಸ್ತ್ರದ ಮೇಲೆ 1578 ಎಂದು ಅವನು ಹುಟ್ಟಿದ ವರ್ಷವಿದೆ.

ಮುಂದೆ ಯಹೂದಿಗಳ ಕೇರಿ. ನೆಲದ ಕಲ್ಲುಗಳ ನಡುವೆ ಅಲ್ಲಲ್ಲಿ ಹೀಬ್ರೂ ಅಕ್ಷರದ ಸಣ್ಣ ಬಿಲ್ಲೆಗಳು ಕಂಡರೆ ಕೇರಿಯೊಳಗೆ ಬಂದಿದ್ದೀರಿ ಎಂದು ಅರ್ಥ. ಎಲ್ ತ್ರಾನ್ಸಿತೊವನ್ನು ಕಟ್ಟಿಸಿದವನು ಸಾಮುಯೆಲ್ ಹಲೆವಿ, ಪೇದ್ರೊ ದೊರೆಯ ಖಜಾಂಚಿ, ಕಾಲ 1356ರ ಆಸುಪಾಸು. ಗೋಡೆಯ ಗಾರೆಯ ಕೆತ್ತನೆಯಲ್ಲಿ ಹೀಬ್ರೂ ಪಂಕ್ತಿಗಳ ಜೊತೆ ಅರಬ್ಬಿಯೂ ಇದೆ. ಕ್ರೈಸ್ತ ರಾಜನ ಅಪ್ಪಣೆ, ಯಹೂದಿಯ ಹಣ, ಮುಸ್ಲಿಂ ಕುಶಲಕರ್ಮಿಗಳ ಕೈ. ಕೆಲವೇ ವರ್ಷದಲ್ಲಿ ಅದೇ ರಾಜ ಹಲೆವಿಯನ್ನು ಸೆರೆಹಿಡಿಸಿದ, ಅವನು ಚಿತ್ರಹಿಂಸೆಯಲ್ಲಿ ಸತ್ತ. ಇದನ್ನೂ ಹೇಳದ ಗೈಡ್ ಒಳ್ಳೆಯ ಗೈಡ್ ಅಲ್ಲ. 'ಮೂರು ಧರ್ಮಗಳ ಸೌಹಾರ್ದದ ಊರು' ಎಂದು ಅಂಗಡಿಯ ಚೀಲದ ಮೇಲೂ ಬರೆದಿರುತ್ತಾರೆ. ಹಾಗಾದರೆ 1492ರಲ್ಲಿ ಏನಾಯಿತು ಎಂದು ಕೇಳಿ. ಮತಾಂತರವಾಗದ ಯಹೂದಿಗಳನ್ನೆಲ್ಲ ದೇಶ ಬಿಡಿಸಿದರು. ಈ ಗೋಡೆಗಳು ಉಳಿದವು, ಓದುವವರು ಉಳಿಯಲಿಲ್ಲ. ಗೈಡ್ ಇದನ್ನು ಹೇಳುವಾಗ ದನಿ ತಗ್ಗಿಸಿದ್ದರು, ನಾನೂ ಕನ್ನಡದಲ್ಲಿ ತಗ್ಗಿದ ದನಿಯಲ್ಲೇ ಹೇಳಿದೆ.

ಸಾಂತಾ ಮರಿಯಾ ಲಾ ಬ್ಲಾಂಕಾ ಹತ್ತಿರದಲ್ಲೇ. ಬೆಳ್ಳಗೆ ಸುಣ್ಣ ಬಳಿದ ಎಂಟು ಮೂಲೆಯ ಕಂಬಗಳು, ಮೇಲೆ ಕುದುರೆಲಾಳದ ಕಮಾನುಗಳ ಸಾಲು. ಸಿನಗಾಗ್ ಆಗಿದ್ದದ್ದು ಚರ್ಚಾಯಿತು, ಮುಂದೆ ಸೈನಿಕರ ವಸತಿಯೂ ಆಯಿತು. ಇಲ್ಲಿಗೆ ಬರುವ ಹೊತ್ತಿಗೆ ಎಲ್ಲರೂ ದಣಿದಿರುತ್ತಾರೆ. ಗೈಡಿನ ಮೂರು ಗಂಟೆಯೂ ಮುಗಿದಿರುತ್ತದೆ. ಇಲ್ಲೇ ಅವರಿಗೆ ಕೈಮುಗಿದು ಬೀಳ್ಕೊಡಿ.

ಗೈಡ್ ಹೋದ ಮೇಲೆ

ಸಾನ್ ಹುವಾನ್ ದೆ ಲೊಸ್ ರೇಯೆಸ್ ಮಠದ ಹೊರಗೋಡೆಯಲ್ಲಿ ಕಬ್ಬಿಣದ ಸರಪಳಿಗಳು ತೂಗುತ್ತಿವೆ. ಗ್ರಾನಡಾ ರಾಜ್ಯದಲ್ಲಿ ಸೆರೆಯಲ್ಲಿದ್ದು ಬಿಡುಗಡೆಯಾದ ಕ್ರೈಸ್ತರ ಬೇಡಿಗಳು ಅವು. ಶಕ್ತಿಯಿದ್ದರೆ ಒಳಗಿನ ಕಂಬಸಾಲಿನ ಅಂಗಳ ನೋಡಿ, ಇಲ್ಲವಾದರೆ ಕೆಳಗೆ ಸಾನ್ ಮಾರ್ತಿನ್ ಸೇತುವೆಗೆ ಇಳಿಯಿರಿ.

ಸಿಹಿಗೆ ಬಾದಾಮಿ, ಸಕ್ಕರೆಯ ಮಾರ್ಸಿಪಾನ್ ಇದೆ. ದೊಡ್ಡ ಅಂಗಡಿಗಳ ಬದಲು ಸನ್ಯಾಸಿನಿಯರ ಮಠಗಳಲ್ಲಿ ಕೊಳ್ಳಿ. ಕೆಲವು ಮಠಗಳಲ್ಲಿ 'ತೋರ್ನೊ' ಎಂಬ ತಿರುಗುವ ಮರದ ಗೂಡಿರುತ್ತದೆ. ಗಂಟೆ ಒತ್ತಿದರೆ ಒಳಗಿನಿಂದ ದನಿ ಬರುತ್ತದೆ, ಮುಖ ಕಾಣುವುದಿಲ್ಲ. ದುಡ್ಡು ಇಟ್ಟರೆ ಗೂಡು ತಿರುಗಿ ಡಬ್ಬಿ ಈಚೆ ಬರುತ್ತದೆ. ಮೊಟ್ಟೆ ತಿನ್ನದವರು 'ಯೇವಾ ವೇವೊ?' ಎಂದು ಕೇಳಿ, ಕೆಲವು ಬಗೆಗಳಲ್ಲಿ ಹಳದಿ ಲೋಳೆ ತುಂಬಿರುತ್ತಾರೆ. ಅಮ್ಮ ಒಂದು ತುಂಡು ಬಾಯಿಗಿಟ್ಟು, ಪಾಕ ಒಂದು ಎಳೆ ಹೆಚ್ಚಾಗಿದೆ ಎಂದರು. ಆದರೂ ಎರಡು ಡಬ್ಬಿ ತೆಗೆದುಕೊಂಡರು.

ಸೇತುವೆಯ ಬಳಿಯಿಂದ ನಿಲ್ದಾಣಕ್ಕೆ ಟ್ಯಾಕ್ಸಿ ಹಿಡಿಯಿರಿ, ಮತ್ತೆ ಊರೊಳಗೆ ಹತ್ತಬೇಡಿ. ಟ್ಯಾಕ್ಸಿಯವರಿಗೆ ನದಿಯಾಚೆಯ 'ಮಿರಾದೋರ್ ದೆಲ್ ವಾಯೆ' ಮೇಲೆ ಹೋಗಿ ಎಂದು ಹೇಳಿ. ಅಲ್ಲಿ ಹತ್ತು ನಿಮಿಷ ನಿಂತರೆ ಬೆಳಿಗ್ಗೆಯಿಂದ ಒಳಗೆ ಸುತ್ತಿದ ಊರು ಪೂರ್ತಿಯಾಗಿ ಎದುರಿಗೆ ಕಾಣುತ್ತದೆ. ಆದ್ದರಿಂದ ಬರುವ ರೈಲನ್ನು ಏಳರ ನಂತರದ್ದೇ ಹಿಡಿಯಿರಿ.

ಅವತ್ತು ರಾತ್ರಿ ಅಮ್ಮ ಸಾಗರದಲ್ಲಿರುವ ಚಿಕ್ಕಮ್ಮನಿಗೆ ಫೋನ್ ಮಾಡಿದರು. ಅಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ನಾನು ಪಾತ್ರೆ ತೊಳೆಯುತ್ತ ಕೇಳಿಸಿಕೊಂಡೆ. ಕೆಥೆಡ್ರಲ್ ಮಾತು ಎರಡೇ ವಾಕ್ಯದಲ್ಲಿ ಮುಗಿಯಿತು. ಆಮೇಲೆ ದನಿ ಏರಿತು: "ಹದಿನಾರು ಕೋಳಿ ಕಣೇ, ಎರಡು ಕುರಿ. ತಸ್ತೀಕು ಕೊಡಲ್ಲ ಅಂದುಬಿಟ್ಟರಂತೆ ಊರವರು..."